ಸಂಜೆ ಐದರ ಮಿರ್ಚಿ ಬಿಡೋದು ಹೇಗೆ? ಪಥ್ಯ ತಿಂಗಳುಗಟ್ಟಲೆ ನಡೆಸಿದವರು ಹೇಳಿ

ಕೌಲ್ ಬಜಾರ್
ನಮಸ್ಕಾರ ಎಲ್ಲರಿಗೂ. ಬಳ್ಳಾರಿಯಲ್ಲಿ ಆಫೀಸ್ ಕೆಲಸ, ಪೂರ್ತಿ ಕೂತೇ ಮಾಡೋದು. ಹೋದ ತಿಂಗಳು ಶುಗರಿನ ಎಚ್‌ಬಿಎ1ಸಿ ರಕ್ತ ಪರೀಕ್ಷೆಯಲ್ಲಿ 6.2 ಬಂತು. ಡಾಕ್ಟರ್ ಮಾತ್ರೆ ಕೊಡಲಿಲ್ಲ. ಊಟ ಸರಿ ಮಾಡ್ಕೊಳ್ಳಿ, ನಡೀರಿ ಅಂದರು. ಬೆಳಿಗ್ಗೆ, ಮಧ್ಯಾಹ್ನ ಚೆನ್ನಾಗಿಯೇ ನಡೆಯುತ್ತದೆ. ಸಂಜೆ ಐದಕ್ಕೆ ಆಫೀಸಿಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬರುತ್ತದೆ. ಎಲ್ಲರೂ ಸುತ್ತ ನಿಂತು ತಿನ್ನುವಾಗ ಕೈ ತಾನಾಗಿಯೇ ಹೋಗುತ್ತದೆ. ಅದರ ಮೇಲೆ ಈಗ ಮದುವೆ ಸೀಸನ್. ಎರಡು ವಾರ ಹುರುಪು ಇರುತ್ತೆ, ಆಮೇಲೆ ಇಳಿದುಹೋಗುತ್ತೆ. ಇದನ್ನು ಬಿಡದೆ ನಡೆಸಿಕೊಂಡು ಬಂದವರು ಹೇಗೆ ಮಾಡಿದಿರಿ ಹೇಳಿ.

ರಾಯಚೂರು ಟೀಚರ್
ಮೊದಲು ಒಂದು ಮಾತು. ಯಾರಾದರೂ ತೂಕ ಇಳಿಸುವ ಡಬ್ಬಿ ಪೌಡರ್ ಹಿಡಿದುಕೊಂಡು ಬಂದರೆ ಬಾಗಿಲಲ್ಲೇ ಕಳಿಸಿ. ನನಗೆ ಗೊತ್ತಿರುವವರೇ ಮನೆಗೆ ಬಂದು ಹಚ್ಚಿಸಿದರು. ಸೇರೋಕೆ ಫೀಸು 1,500. ಪೌಡರ್ ಡಬ್ಬಿ 2,200, ತಿಂಗಳಿಗೆ ಎರಡು ಬೇಕು. ಜೊತೆಗೆ ಅದೆಂಥದೋ ಟೀ ಪುಡಿ 900. ಮೊದಲ ತಿಂಗಳೇ 6,800 ರೂಪಾಯಿ. ತೂಕ ಇಳಿಯಿತು ನಿಜ. ರಾತ್ರಿ ಊಟದ ಬದಲು ಒಂದು ಲೋಟ ನೀರು ಕುಡಿದರೆ ಯಾರಿಗೆ ಇಳಿಯಲ್ಲ? ಬಿಟ್ಟ ಮೇಲೆ ಇಳಿದದ್ದಕ್ಕಿಂತ ಜಾಸ್ತಿ ಬಂತು. ಕೂದಲು ಉದುರಿದ್ದು ಬೇರೆ. ಕೇಳಿದರೆ ಇನ್ನೂ ಮೂರು ತಿಂಗಳು ಕುಡೀರಿ ಮೇಡಂ ಅಂತಾರೆ.

ಈಗ ನಮ್ಮ ಮನೆಯಲ್ಲಿ ಎರಡೂ ಹೊತ್ತು ಬಿಳಿ ಜೋಳದ ರೊಟ್ಟಿ, ಹೆಸರು ಕಾಳೋ ಮಡಕಿ ಕಾಳೋ, ಒಂದು ಸೊಪ್ಪು. ಪುಂಡಿ ಪಲ್ಯ ಸಿಕ್ಕ ದಿನ ಬೇರೆ ಏನೂ ಬೇಡ. ಅನ್ನ ಪೂರ್ತಿ ಬಿಟ್ಟಿದ್ದೇನೆ. ಬೆಳಿಗ್ಗೆ ಶಾಲೆಗೆ ಓಡಬೇಕು, ಬಡಿಯೋಕೆ ಆಗಲ್ಲ, ಅದಕ್ಕೆ ರೊಟ್ಟಿ ಕೇಂದ್ರದಿಂದ ತರಿಸುತ್ತೇನೆ. ಒಂದಕ್ಕೆ 10 ರೂಪಾಯಿ. ದಿನಕ್ಕೆ ನಾಲ್ಕು ಅಂದರೆ ತಿಂಗಳಿಗೆ 1,200. ಆ ಪೌಡರ್ ಲೆಕ್ಕದ ಮುಂದೆ ಇದೇನೂ ಅಲ್ಲ. ನಮ್ಮ ಅಜ್ಜಿಗೆ ಶುಗರ್ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಈ ಸೋನಾ ಮಸೂರಿ ಬಂದೇ ನಮ್ಮ ಭಾಗ ಕೆಟ್ಟಿತು. ಅನ್ನ ಬಿಡಿ, ಉಳಿದದ್ದು ತಾನೇ ಸರಿಹೋಗುತ್ತೆ.

ತೋರಣಗಲ್ಲು ಶಿಫ್ಟ್
ಟೀಚರ್‌ಗೆ ಹೇಳೋದು ಸುಲಭ, ರಾತ್ರಿ ಮನೆಯಲ್ಲೇ ಇರ್ತಾರೆ. ನಾನು ಮೂರು ಶಿಫ್ಟ್‌ನವನು. ರಾತ್ರಿ ಪಾಳಿ ಬಿದ್ದರೆ ಎರಡು ಗಂಟೆಗೆ ಹೊಟ್ಟೆ ಕೂಗುತ್ತೆ. ಆ ಹೊತ್ತಿಗೆ ಕ್ಯಾಂಟೀನ್‌ನಲ್ಲಿ ಸಿಗೋದು ಎಗ್ ರೈಸ್, ಬನ್, ಸಕ್ಕರೆ ಸುರಿದ ಚಹಾ ಅಷ್ಟೇ. ರೊಟ್ಟಿ ಒಯ್ದರೆ ಅಷ್ಟೊತ್ತಿಗೆ ಒಣಗಿ ಮುರಿಯುತ್ತದೆ.

ಊರಲ್ಲದ ಊರಿನ ಒಬ್ಬರು ಡಯಟ್ ಚಾರ್ಟ್ ಬರೆದುಕೊಟ್ಟರು. ಓಟ್ಸ್, ಬ್ರೊಕೊಲಿ, ಆಲಿವ್ ಎಣ್ಣೆ. ಒಂದು ವಾರದ ಸಾಮಾನಿಗೆ 1,900 ಆಯಿತು. ಮನೆಯಲ್ಲಿ ಮಕ್ಕಳಿಗೆ ಬೇರೆ ಅಡುಗೆ, ನನಗೆ ಬೇರೆ. ಎಷ್ಟು ದಿನ ನಡೆಯುತ್ತೆ ಹೇಳಿ.

ಅದಕ್ಕಿಂತ ದೊಡ್ಡದು ಇನ್ನೊಂದು. ನನಗೆ ಮಾತ್ರೆ ಇದೆ. ಒಂದು ರಾತ್ರಿ ಮಾತ್ರೆ ನುಂಗಿ, ಪಥ್ಯ ಅಂತ ಊಟ ಬಿಟ್ಟು ಪಾಳಿಗೆ ಹೋದೆ. ನಡುರಾತ್ರಿ ಮೈಯೆಲ್ಲ ಬೆವರು, ಕೈ ನಡುಕ, ಕಣ್ಣು ಮಂಜು. ಬೇಸಿಗೆ ಝಳ ಅಂದುಕೊಂಡರು ಎಲ್ಲರೂ. ಜೊತೆಗಿದ್ದ ಹುಡುಗನ ತಾಯಿಗೂ ಶುಗರ್. ಅವನಿಗೆ ಹೊಳೆದು ಸಕ್ಕರೆ ನೀರು ಕುಡಿಸಿದ. ಮಷಿನ್ ಹತ್ತಿರ ನಿಂತಿದ್ದರೆ ಏನಾಗುತ್ತಿತ್ತೋ. ಸುಮ್ನೆ ಅದು ಬಿಡಿ ಇದು ಬಿಡಿ ಅನ್ನಬೇಡಿ ಟೀಚರ್. ಓದಿದವರು ಯಾರು, ಯಾವ ಮಾತ್ರೆ ತಗೋತಾರೆ ನಿಮಗೇನು ಗೊತ್ತು?

ಈಗ ನಾನು ಒಯ್ಯೋದು ಹುರಿದ ಶೇಂಗಾ ಒಂದು ಮುಷ್ಟಿ, ಬೇಯಿಸಿದ ಕಡಲೆ ಕಾಳು, ಎರಡು ಮೊಟ್ಟೆ, ದಪ್ಪ ಮಜ್ಜಿಗೆ. ಪಾಳಿ ಯಾವುದೇ ಇರಲಿ, ಡಬ್ಬಿ ಬಿಟ್ಟು ಹೋಗಲ್ಲ. ಕ್ಯಾಂಟೀನ್ ಮೆಟ್ಟಿಲು ಹತ್ತೋದೇ ಬಿಟ್ಟಿದ್ದೇನೆ. ನೋಡಿದರೆ ತಿನ್ನಬೇಕು ಅನಿಸುತ್ತೆ, ಅದಕ್ಕೆ ನೋಡೋದೇ ಇಲ್ಲ.

ಗಂಗಾವತಿ ಭತ್ತ
ಟೀಚರಮ್ಮ, ಸೋನಾ ಮಸೂರಿ ಬಂದು ನಮ್ಮ ಭಾಗ ಕೆಟ್ಟಿತು ಅಂದಿರಲ್ಲ, ಅದನ್ನು ಓದಿ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ತುಂಗಭದ್ರಾ ಡ್ಯಾಮಿನ ನೀರು ನಾಲೆಗೆ ಬಂದದ್ದು 1953ರಲ್ಲಿ. ಅದಕ್ಕೂ ಮೊದಲು ನಮ್ಮ ತಾತನೂ ಜೋಳವನ್ನೇ ಬಿತ್ತುತ್ತಿದ್ದ. ಮಳೆ ಕೈಕೊಟ್ಟ ವರ್ಷ ಜೋಳವೂ ಇಲ್ಲ, ಏನೂ ಇಲ್ಲ. ಗುಳೆ ಹೋಗಬೇಕಿತ್ತು. ಭತ್ತ ಬಂದ ಮೇಲೆ ಮನೆ ಕಟ್ಟಿದೆವು, ಮಕ್ಕಳನ್ನು ಓದಿಸಿದೆವು. ಎಕರೆಗೆ 40 ಸಾವಿರ ಸುರಿದು ಬೆಳೆಯುತ್ತೇವೆ. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ನಮ್ಮ ಕ್ಯಾಂಪಿನಲ್ಲಿ ಯಾರೂ ಮಲಗಲಿಲ್ಲ. ನೀವು ಒಂದೇ ಮಾತಲ್ಲಿ ಅಕ್ಕಿ ವಿಷ ಅಂದುಬಿಟ್ಟರೆ ಹೇಗೆ?

ನಮ್ಮ ತಂದೆಗೆ ಶುಗರ್ ಬಂದು ಬಹಳ ವರ್ಷ ಆಯಿತು. ಇವತ್ತಿಗೂ ಮಧ್ಯಾಹ್ನ ಅನ್ನ ಉಣ್ಣುತ್ತಾರೆ. ಒಂದು ಬಟ್ಟಲು ಅಳೆದು. ಮೊದಲು ಪಲ್ಯ, ಬೇಳೆ, ಆಮೇಲೆ ಅನ್ನ. ಉಂಡು ಗದ್ದೆ ಬದುವಿನ ಮೇಲೆ ಒಂದು ಸುತ್ತು. ಅವರ ರಿಪೋರ್ಟ್ ಯಾರ ರೊಟ್ಟಿ ರಿಪೋರ್ಟಿಗೂ ಕಮ್ಮಿ ಇಲ್ಲ. ಬೇಕಾದರೆ ಆರ್‌ಎನ್‌ಆರ್ ಅನ್ನುವ ತಳಿಯ ಅಕ್ಕಿ ತಗೊಳ್ಳಿ, ಅದು ಶುಗರ್ ಇರುವವರಿಗೆ ಒಳ್ಳೆಯದು.

ಸಿಂಧನೂರು ಲ್ಯಾಬ್
ಆರ್‌ಎನ್‌ಆರ್ ವಿಷಯಕ್ಕೆ ಬರಲೇಬೇಕಾಯಿತು. ಅದು ಶುಗರ್ ನಿಧಾನವಾಗಿ ಏರಿಸುವ ಅಕ್ಕಿ ಅಂತ ಹೆಸರಾಗಿದೆ, ಅಷ್ಟೇ. ಕೆಲವು ಅಂಗಡಿಗಳಲ್ಲಿ ‘ಶುಗರ್ ಫ್ರೀ ಅಕ್ಕಿ’ ಅಂತ ಬೋರ್ಡ್ ಹಾಕಿ ಮಾರುತ್ತಾರೆ. ಜನ ಅದನ್ನು ನಂಬಿ ತಟ್ಟೆ ತುಂಬ ಉಂಡು ನನ್ನ ಮುಂದೆ ಬಂದು ಕೂರುತ್ತಾರೆ. ಅಕ್ಕಿ ಯಾವುದಾದರೂ ಪಿಷ್ಟ ಪಿಷ್ಟವೇ. ಜೋಳವೂ ಅದೇ. 100 ಗ್ರಾಂ ಜೋಳದಲ್ಲಿ ಸುಮಾರು 70 ಗ್ರಾಂ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್). ಅಕ್ಕಿಗಿಂತ ನಾರು ಬಹಳ ಜಾಸ್ತಿ, ಅಗಿಯೋಕೆ ಹೊತ್ತು ಬೇಕು, ಅದರಿಂದ ಅನುಕೂಲ. ಹಾಗಂತ ಆರು ರೊಟ್ಟಿ ಉಂಡರೆ ಅನುಕೂಲವೆಲ್ಲ ಹೋಯಿತು.

ಇನ್ನೊಂದು ನನಗೆ ದಿನಾ ಸಿಟ್ಟು ಬರಿಸುವ ವಿಷಯ. ಟೆಸ್ಟಿಗೆ ಬರುವ ಎರಡು ದಿನ ಮೊದಲು ಪಥ್ಯ ಮಾಡುತ್ತಾರೆ. ಫಾಸ್ಟಿಂಗ್, ಅಂದರೆ ಖಾಲಿ ಹೊಟ್ಟೆಯ ಶುಗರ್, 100ರ ಒಳಗೆ ಬಂದರೆ ಖುಷಿಯಾಗಿ ಹೋಟೆಲ್‌ಗೆ ಹೋಗುತ್ತಾರೆ. ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಲೆಕ್ಕ ಹೇಳುತ್ತದೆ, ಅದನ್ನು ಎರಡು ದಿನದಲ್ಲಿ ತಿದ್ದೋಕೆ ಆಗಲ್ಲ. 5.7ರಿಂದ 6.4 ಗಡಿ, 6.5 ಮುಟ್ಟಿದರೆ ಶುಗರ್ ಅಂತಲೇ. ಕೇಳಿದವರು ಇನ್ನೂ ಗಡಿಯಲ್ಲಿದ್ದಾರೆ.

ಶಿಫ್ಟ್ ಅಣ್ಣಾ, ನಿಮಗಾದ ಹಾಗೆ ಆದಾಗ ಶುಗರ್ 70ಕ್ಕಿಂತ ಕೆಳಗೆ ಇಳಿದಿರುತ್ತದೆ. ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಮೆಟ್‌ಫಾರ್ಮಿನ್ ಮಾತ್ರೆ ಒಂದೇ ತಗೊಳ್ಳುವವರಿಗೆ ಹೀಗಾಗೋದು ಅಪರೂಪ. ಗ್ಲಿಮೆಪಿರೈಡ್ ತರಹದ ಮಾತ್ರೆ ಇದ್ದರೆ ಊಟ ತಪ್ಪಿಸಲೇಬಾರದು.

ರಾಯಚೂರು ಟೀಚರ್
ನಾನು ವಿಷ ಅನ್ನಲಿಲ್ಲ. ಬಾಯಿಗೆ ಮಾತು ತುರುಕಬೇಡಿ. ಜೋಳ ಬೆಳೆಯುವ ಮನೆಯಲ್ಲಿ ಹುಟ್ಟಿದವಳು ನಾನು, ರೈತರ ಕಷ್ಟ ನನಗೂ ಗೊತ್ತು. ಹಿಂಗಾರಿ ಜೋಳ ಕರಿ ಎರೆ ಭೂಮಿಯ ತೇವದಲ್ಲೇ ಬರುತ್ತದೆ, ನಾಲೆ ಬೇಡ, ಗೇಟು ಬೇಡ. 2023 ಸಿರಿಧಾನ್ಯ ವರ್ಷ ಅಂತ ಇಡೀ ಜಗತ್ತೇ ಮಾಡಿತು. ಅದರಲ್ಲಿ ನಮ್ಮ ಜೋಳ, ಸಜ್ಜೆ ಎರಡೂ ಇದ್ದವು. ಅದಾದರೂ ಒಪ್ಪಿ.

ಗಂಗಾವತಿ ಭತ್ತ
ವರ್ಷ ಮಾಡಿದರು, ರೇಟು ಮಾಡಲಿಲ್ಲ. ಜೋಳ ಮಾರಿ ಯಾರ ಸಾಲ ತೀರುತ್ತೆ? ನೀವು ಬಿತ್ತಿ ತೋರಿಸಿ, ಆಮೇಲೆ ಮಾತಾಡೋಣ.

ಕೊಪ್ಪಳ ಗೃಹಿಣಿ
ಇಷ್ಟು ಜನ ಅಕ್ಕಿ, ಜೋಳ ಅಂತ ಜಗಳ ಆಡ್ತಿದ್ದೀರಿ. ಒಬ್ಬರಾದರೂ ಆ ರೊಟ್ಟಿ ಯಾರು ಮಾಡ್ತಾರೆ ಅಂತ ಕೇಳಿದಿರಾ? ಏಪ್ರಿಲ್‌ನಲ್ಲಿ ಒಲೆ ಮುಂದೆ ಕೂತು ನೋಡಿ. ಹೊರಗೆ 40 ಡಿಗ್ರಿ, ಒಳಗೆ ಹೆಂಚು.

ನಮ್ಮ ಯಜಮಾನರಿಗೆ ಪಥ್ಯ ಬಂತು. ಅಂದಿನಿಂದ ಮನೆಯಲ್ಲಿ ಎರಡು ಅಡುಗೆ. ಅವರಿಗೆ ಎಣ್ಣೆ ಇಲ್ಲದ ಪಲ್ಯ, ಮಕ್ಕಳಿಗೆ ಮಾಮೂಲು, ಅತ್ತೆಗೆ ಮೆತ್ತಗಿನ ಅನ್ನ. ಒಂದೂವರೆ ತಿಂಗಳು ಬರುತ್ತಿದ್ದ ಸಿಲಿಂಡರ್ ತಿಂಗಳಿಗೇ ಖಾಲಿ. ತರಕಾರಿ ಖರ್ಚು ವಾರಕ್ಕೆ 400 ಇದ್ದದ್ದು 700 ಆಯಿತು. ಅವರ ತೂಕ ಇಳಿಯಿತು, ಎಲ್ಲರೂ ಅವರನ್ನು ಹೊಗಳಿದರು. ನಾನು ಉಳಿದದ್ದನ್ನು ನಿಂತು ತಿಂದು, ಮೇಲೆ ಚಹಾ ಕುಡಿದು ದಿನ ದೂಡಿದೆ. ತಲೆ ಸುತ್ತು ಬಂದು ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8.4. ಹೆಂಗಸರಿಗೆ 12 ಇರಬೇಕಂತೆ. ಊಟದ ಜೊತೆ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತಲ್ಲ ಅಂತ ಡಾಕ್ಟರ್ ಹೇಳಿದ್ದು ಆಗಲೇ. ಯಾರ ಆರೋಗ್ಯಕ್ಕೆ ಯಾರು ಬೆಲೆ ಕೊಟ್ಟ ಹಾಗಾಯಿತು?

ಈಗ ಒಂದೇ ಅಡುಗೆ. ಎಲ್ಲರಿಗೂ ಅದೇ. ಎಣ್ಣೆಗಾಯಿಗೆ ಎಣ್ಣೆ ಕಡಿಮೆ, ಶೇಂಗಾ ಎಳ್ಳು ಪುಡಿ ಜಾಸ್ತಿ. ಬೇಡ ಅಂದವರು ತಾವೇ ಮಾಡಿಕೊಳ್ಳಲಿ. ನಾನೂ ಅವರ ಜೊತೆಗೇ ತಟ್ಟೆ ಹಾಕಿಕೊಂಡು ಕೂರುತ್ತೇನೆ. ನಮ್ಮ ಮನೆಯಲ್ಲಿ ಪಥ್ಯ ಕೈಬಿಡದೆ ಉಳಿದದ್ದು ಇದರಿಂದಲೇ.

ಜಾತ್ರೆ ವಿಷಯ ಯಾರೂ ಎತ್ತಿಲ್ಲ, ನಾನೇ ಹೇಳ್ತೀನಿ. ಗವಿಮಠದ ಜಾತ್ರೆಗೆ ಹಳ್ಳಿ ಹಳ್ಳಿಗಳಿಂದ ರೊಟ್ಟಿ, ಮಾದಲಿ ಅನ್ನುವ ಸಿಹಿ ಬರುತ್ತವೆ. ದಾಸೋಹದ ಮಿರ್ಚಿ ಪ್ರಸಾದ. ಅದನ್ನು ನಾವು ಉಣ್ಣುತ್ತೇವೆ, ಅವತ್ತು ಲೆಕ್ಕ ಇಡಲ್ಲ.

ತೋರಣಗಲ್ಲು ಶಿಫ್ಟ್
ಅಕ್ಕಾ, ಪ್ರಸಾದ ಅಂದರೆ ಶುಗರ್ ಏರಲ್ವಾ? ನಮ್ಮ ಮಾವ ಇದೇ ಮಾತು ಹೇಳಿ ಪ್ರತಿ ಜಾತ್ರೆ, ಪ್ರತಿ ಉರುಸು, ಪ್ರತಿ ಮದುವೆ ಉಂಡರು. ಕಾಲಿನ ಬೆರಳು ತೆಗೆಸಬೇಕಾಯಿತು. ಆಸ್ಪತ್ರೆ ಬಿಲ್ಲು 85 ಸಾವಿರ, ಔಷಧಿ ಬೇರೆ. ಒಂದು ತುತ್ತು ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕಿದರೆ ದೇವರು ಬೇಡ ಅಂತಾನಾ?

ಕೊಪ್ಪಳ ಗೃಹಿಣಿ
ನಿಮ್ಮ ಮಾವ ಪ್ರತಿ ಮದುವೆ ಉಂಡಿದ್ದಕ್ಕೆ ನಮ್ಮ ಜಾತ್ರೆಯನ್ನು ಎಳೆಯಬೇಡಿ. ವರ್ಷಕ್ಕೆ ಒಮ್ಮೆ ಬರೋದು ಜಾತ್ರೆ. ಕ್ಯಾಂಟೀನ್ ದಿನಾ ಇರುತ್ತೆ.

ಕೌಲ್ ಬಜಾರ್
ಎಲ್ಲರಿಗೂ ಧನ್ಯವಾದ. ನಾನು ಕೇಳಿದ್ದು ಸಂಜೆ ಐದರದ್ದು. ಅದಕ್ಕೆ ಏನಾದರೂ ಇದ್ದರೆ ಹೇಳಿ. ಮಿರ್ಚಿ ಬಿಟ್ಟು ಬರೀ ಮಂಡಕ್ಕಿ ತಿಂದರೆ ನಡೆಯುತ್ತಾ?

ಸಿಂಧನೂರು ಲ್ಯಾಬ್
ಎಲ್ಲರೂ ಮಿರ್ಚಿಯನ್ನೇ ಬೈಯುತ್ತಾರೆ. ಅದರ ಎಣ್ಣೆ ಕೆಟ್ಟದ್ದು, ನಿಜ. ಆದರೆ ಶುಗರ್ ಬೇಗ ಏರಿಸೋದು ಮಂಡಕ್ಕಿ. ಉಬ್ಬಿಸಿದ ಅಕ್ಕಿ ಅದು, ತಕ್ಷಣ ಕರಗುತ್ತದೆ. ಹಗುರ ಅಂತ ಎರಡು ಪ್ಲೇಟ್ ತಿಂದರೆ ಅನ್ನ ಉಂಡ ಹಾಗೇ. ನಾಲ್ಕೂವರೆಗೇ ಶೇಂಗಾ, ಮಜ್ಜಿಗೆ ಏನಾದರೂ ಹೊಟ್ಟೆಗೆ ಹಾಕಿಕೊಳ್ಳಿ. ಪ್ಲೇಟ್ ಬಂದಾಗ ಹಸಿವು ಇರಬಾರದು, ಅಷ್ಟೇ ಉಪಾಯ. ತಿಂದ ದಿನ ಮನೆಗೆ ನಡೆದು ಹೋಗಿ.

ತೋರಣಗಲ್ಲು ಶಿಫ್ಟ್
ಲ್ಯಾಬ್‌ನವರು ಹೇಳಿದ್ದೇ ಸರಿ. ನನ್ನ ಡಬ್ಬಿಯೂ ಅದೇ ಕೆಲಸ ಮಾಡೋದು. ಅಕ್ಕಾ, ಜಾತ್ರೆ ಮಾತಿಗೆ ಬೇಜಾರಾಗಿದ್ದರೆ ಇರಲಿ. ರೊಟ್ಟಿ ಯಾರು ಮಾಡ್ತಾರೆ ಅಂದಿರಲ್ಲ, ಅದನ್ನು ನನ್ನ ಹೆಂಡತಿ ಓದಿದಳು. ರಜೆ ದಿನ ನಾನೇ ಮಾಡಬೇಕು ಅಂತಿದ್ದೇನೆ. ಹಿಟ್ಟು ಬಿರಿಯುತ್ತೆ, ಏನು ಮಾಡಲಿ?

ಕೊಪ್ಪಳ ಗೃಹಿಣಿ
ನೀರು ಚೆನ್ನಾಗಿ ಕುದಿಯಬೇಕು. ಜೋಳಕ್ಕೆ ಗೋಧಿಯ ಅಂಟು ಇಲ್ಲ, ಬಿಸಿ ನೀರಿನಿಂದಲೇ ಅದು ಕೂಡಿಕೊಳ್ಳೋದು. ಅಂಗೈಯಿಂದ ಒತ್ತಿ ಒತ್ತಿ ನಾದಿ. ಒಂದು ಉಂಡೆಗೆ ಆಗುವಷ್ಟೇ ನಾದಿ, ಎಲ್ಲ ಒಮ್ಮೆಗೇ ಬೇಡ. ಬಡಿಯೋಕೆ ಬರದಿದ್ದರೆ ಲಟ್ಟಿಸಿ.

ರಾಯಚೂರು ಟೀಚರ್
ಲಟ್ಟಿಸಿದರೆ ಉಬ್ಬಲ್ಲ. ಬಡಿದೇ ಕಲಿಯಬೇಕು.

ಕೊಪ್ಪಳ ಗೃಹಿಣಿ
ಉಬ್ಬುತ್ತೆ. ನಮ್ಮ ಮನೆಯಲ್ಲಿ ದಿನಾ ಉಬ್ಬುತ್ತೆ. ನೀವು ಕೇಂದ್ರದಿಂದ ತರಿಸುವವರು, ನಿಮಗೆ ಹೇಗೆ ಗೊತ್ತಾಗಬೇಕು? ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತೆ, ಆಗ ಬಡಿದರೂ ಉಬ್ಬಲ್ಲ. ಶಿಫ್ಟ್ ಅಣ್ಣಾ, ಗಿರಣಿಗೆ ಸ್ವಲ್ಪ ಸ್ವಲ್ಪವೇ ಒಯ್ಯಿರಿ, ಹದಿನೈದು ದಿನಕ್ಕೆ ಆಗುವಷ್ಟು ಮಾತ್ರ ಬೀಸಿಸಿ.