ಅಪ್‌ಡೇಟ್: ಸ್ಪ್ಯಾನಿಷ್ ಮಾತಾಡುವವರಲ್ಲಿ ಕೋವಿಡ್ ಭಯದ ಅಳತೆ

ನನ್ನ ಪ್ರಶ್ನೆ ಇದಾಗಿತ್ತು: ಸ್ಪೇನ್ ಮತ್ತು ಪೆರುವಿನ ಉತ್ತರಗಳನ್ನು ಒಟ್ಟಿಗೆ ಸೇರಿಸಿ ಭಯದ ಸರಾಸರಿ ಹೋಲಿಸಬಹುದೇ? ನೇರವಾಗಿ ಆಗದು ಎಂದು ಉತ್ತರಿಸಿದ ನೀವು ಅಂದಿದ್ದಿರಿ. ಹೌದು, ಆಗದು.

ಭಯ ಅಳೆಯಲು ಬಳಸಿದ್ದು 2020ರ ಎಫ್‌ಸಿವಿ-19ಎಸ್ ಎಂಬ ಕೋವಿಡ್ ಭಯದ ಪ್ರಶ್ನಾವಳಿ. 7 ಹೇಳಿಕೆ, ಪ್ರತಿಯೊಂದಕ್ಕೆ 1ರಿಂದ 5, ಮೊತ್ತ 7ರಿಂದ 35. ತೊಡಕು 3, 6, 7ನೇ ಹೇಳಿಕೆಗಳಲ್ಲಿ: ಅಂಗೈ ಬೆವರುವುದು, ನಿದ್ದೆ ಬಾರದಿರುವುದು, ಎದೆ ಬಡಿತ. ಹೆಚ್ಚಿನವರು ಇಲ್ಲಿ 1ಕ್ಕೇ (ಸ್ವಲ್ಪವೂ ಒಪ್ಪುವುದಿಲ್ಲ) ಗುರುತು ಹಾಕುತ್ತಾರೆ, ದತ್ತಾಂಶ ಒಂದೇ ಕಡೆ ವಾಲುತ್ತದೆ. ಮಾಮೂಲಿ ಪಿಯರ್ಸನ್ ಸಹಸಂಬಂಧ ಬಿಟ್ಟು, ಇಂಥ ಶ್ರೇಣಿಯ ಉತ್ತರಗಳಿಗೆ ಹೊಂದುವ ಪಾಲಿಕೋರಿಕ್ ಸಹಸಂಬಂಧ ಮತ್ತು ಅದರ ಮೇಲೆ ಮಾದರಿ ಅಂದಾಜಿಸುವ ಡಬ್ಲ್ಯುಎಲ್‌ಎಸ್‌ಎಮ್‌ವಿ ವಿಧಾನ ಹಿಡಿದರೆ ದೈಹಿಕ ಲಕ್ಷಣಗಳ ಈ ಮೂರು ಒಂದು ಗುಂಪು, ಉಳಿದ ನಾಲ್ಕು ಭಾವನೆಯ ಗುಂಪು ಎಂಬ ಮಾದರಿಯನ್ನೂ ಏಳೂ ಒಂದೇ ಗುಂಪು ಎನ್ನುವ ಮೂಲ ಮಾದರಿಯ ಪಕ್ಕ ಇಟ್ಟು ನೋಡಬಹುದು.

ಹೋಲಿಕೆಗೆ ಮುಂಚೆ ಹಂತ ಹಂತವಾಗಿ ರಚನೆ (ಹೇಳಿಕೆಗಳ ಗುಂಪು), ಭಾರ (ಹೇಳಿಕೆಗೂ ಭಯಕ್ಕೂ ಇರುವ ನಂಟಿನ ಬಲ), ಮಿತಿ (ಒಂದು ಅಂಕದಿಂದ ಮುಂದಿನದಕ್ಕೆ ದಾಟುವ ಮಟ್ಟ) ಮೂರೂ ಎರಡೂ ದೇಶಗಳಲ್ಲಿ ಒಂದೇ ಎಂದು ಪರೀಕ್ಷಿಸಬೇಕು. ಮಾದರಿ ದತ್ತಾಂಶಕ್ಕೆ ಎಷ್ಟು ಹೊಂದುತ್ತದೆ ಎಂದು ತೋರಿಸುವ ಸಿಎಫ್‌ಐ ಒಂದು ಹಂತದಿಂದ ಮುಂದಿನದಕ್ಕೆ 0.01ಕ್ಕಿಂತ ಹೆಚ್ಚು ಕುಸಿದರೆ ಸರಾಸರಿಯ ಮಾತು ಬಿಟ್ಟುಬಿಡಿ. ಸ್ಪ್ಯಾನಿಷ್‌ನ 'ತೂ' (ನೀನು) ಮತ್ತು 'ಉಸ್ತೆದ್' (ನೀವು) ಬೆರೆತ ಪ್ರಶ್ನಾವಳಿ ಬೇಡ. ನಮ್ಮ ನೀನು-ನೀವು ಗೊಂದಲದಂಥದೇ.

ಜನ ಒತ್ತಡವನ್ನು ಹೇಗೆ ನಿಭಾಯಿಸುತ್ತಾರೆಂದು ಅಳೆಯಲು ಬ್ರೀಫ್ ಕೋಪ್ ಎಂಬ ಇನ್ನೊಂದು ಪ್ರಶ್ನಾವಳಿ: 28 ಹೇಳಿಕೆ, 14 ಉಪಮಾಪಕ (ಒಂದೊಂದು ನಿಭಾಯಿಸುವ ಬಗೆಗೆ ಒಂದು), ತಲಾ ಎರಡು ಹೇಳಿಕೆ. ಎಲ್ಲ ಕೂಡಿಸಿ ಒಂದೇ ಅಂಕ ಮಾಡಬೇಡಿ, ನಿರಾಕರಣೆಯೂ ಯೋಜನೆಯೂ ಒಂದೇ ಚೀಲಕ್ಕೆ ಬೀಳುತ್ತವೆ. ಮೂಲದಲ್ಲಿ ಪ್ರತಿ ಹೇಳಿಕೆಗೆ ಅಂಕ 1–4, ಕೆಲವು ಸ್ಪ್ಯಾನಿಷ್ ಪ್ರತಿಗಳಲ್ಲಿ 0–3. ಎರಡೂ ಬಗೆಯ ಅಂಕಗಳು ಬೆರೆತ ನನ್ನ ಕಡತದಲ್ಲಿ ಪ್ರತಿ ಉಪಮಾಪಕಕ್ಕೂ 2 ಅಂಕದ ಸುಳ್ಳು ವ್ಯತ್ಯಾಸ ಹುಟ್ಟಿದ್ದು ಇಲ್ಲಿಂದಲೇ.