ನವಲೂರಿನ ಪೇರಲ ತೋಟವನ್ನು ಬಡಾವಣೆಗೆ ಕೊಡಬೇಕೇ? ಹೊಸ ಪ್ಲಾಟುಗಳಲ್ಲಿ ಮನೆ ಕಟ್ಟಿದವರು ಹೇಳಿ

ನವಲೂರಿನ ಅಕ್ಕಾವರು:

ನಾನು ಹುಟ್ಟಿದ್ದು ಧಾರವಾಡದ ಮಾಳಮಡ್ಡಿಯಲ್ಲಿ. ಮದುವೆಯಾಗಿ ನವಲೂರಿಗೆ ಬಂದು ಮೂವತ್ತೈದು ವರ್ಷವಾಯಿತು. ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ, ಎರಡು ವರ್ಷದ ಹಿಂದೆ ನಿವೃತ್ತಳಾದೆ. ನಮ್ಮ ಮನೆಯವರು ತೀರಿಕೊಂಡ ಮೇಲೆ ಪೇರಲ ತೋಟದಲ್ಲಿ ಅವರ ಪಾಲು ನನ್ನ ಹೆಸರಿಗೆ ಬಂದಿದೆ: ಒಂದು ಎಕರೆ ನಾಲ್ಕು ಗುಂಟೆ. ಪಕ್ಕದ ಅಷ್ಟೇ ಜಾಗ ಮೈದುನನದು. ನಡುವೆ ಬೇಲಿಯೂ ಇಲ್ಲ, ಬದುವೂ ಇಲ್ಲ. ಯಾವ ಗಿಡ ಯಾರದೆಂದು ನಮಗಿಬ್ಬರಿಗಷ್ಟೇ ಗೊತ್ತು.

ದಸರೆ ಮುಗಿದ ವಾರ ಬಡಾವಣೆ ಮಾಡುವವರು ಬಂದು ಮೈದುನನ ಜೊತೆ ಮಾತನಾಡಿ ಹೋದರು. ಅವನಿಗೆ ಕೊಡುವ ಮನಸ್ಸಿದೆ. ಹೆಣ್ಣುಮಕ್ಕಳ ಮದುವೆ, ಮೊಣಕಾಲಿನ ಶಸ್ತ್ರಚಿಕಿತ್ಸೆ, ಕಾಯಿ ಬಿಡಿಸಲು ಆಳು ಸಿಗದ ಸಂಕಟ, ಯಾವುದೂ ಸುಳ್ಳಲ್ಲ. ಆದರೆ ರಸ್ತೆಗೆ ತಾಗಿರುವುದು ನನ್ನ ಪಾಲು. ಎರಡೂ ಸೇರಿ ಸಿಗದಿದ್ದರೆ ಅವರಿಗೆ ಬೇಡ. ನಾನು ಒಲ್ಲೆ ಎಂದರೆ ಅವನಿಗೂ ಕೈತಪ್ಪುತ್ತದೆ. ಪುಣೆಯಲ್ಲಿರುವ ಮಗ "ಅವ್ವ, ನಿನಗೆ ಸರಿ ಕಂಡಂತೆ ಮಾಡು" ಎನ್ನುತ್ತಾನೆ. ಸರಿ ಯಾವುದೆಂದು ಕಾಣದೆ ಇಲ್ಲಿ ಬರೆಯುತ್ತಿದ್ದೇನೆ.

ಊರು ಬೆಳೆಯಬಾರದು ಎನ್ನುವವಳು ನಾನಲ್ಲ. 2018ರ ಅಕ್ಟೋಬರಿನಲ್ಲಿ ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಎಂಬ ತ್ವರಿತ ಬಸ್ಸುಗಳ ಪ್ರಾಯೋಗಿಕ ಓಡಾಟ ಶುರುವಾದಾಗ ಮೊದಲ ವಾರವೇ ಹತ್ತಿದ್ದೆ. ಮನೆಯವರಿಗೆ ಹುಬ್ಬಳ್ಳಿಯಲ್ಲಿ ಡಯಾಲಿಸಿಸ್ ನಡೆಯುತ್ತಿದ್ದ ಹದಿನಾಲ್ಕು ತಿಂಗಳು, ವಾರಕ್ಕೆರಡು ಸಲ, ಅದೇ ಬಸ್ಸಿನಲ್ಲಿ ಹೋಗಿ ಬಂದೆವು. ನಡುವಿನ ಪಥ ಬಸ್ಸಿಗೇ ಮೀಸಲು. ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟ. ಕಾಲು ಎತ್ತಿಡಲಾಗದವರನ್ನು ಕೈಹಿಡಿದು ಕರೆದೊಯ್ದವರಿಗೆ ಅದರ ಬೆಲೆ ಗೊತ್ತು. ಅದೇ ರಸ್ತೆಯ ಅಗಲೀಕರಣಕ್ಕೆ ಮರಗಳು ಬಿದ್ದಾಗ, ಅವುಗಳ ನೆರಳಿನಲ್ಲಿ ಬುಟ್ಟಿ ಇಟ್ಟು ಪೇರಲ ಮಾರುತ್ತಿದ್ದ ಹೆಂಗಸರ ಜೊತೆ ನಿಂತು ಅತ್ತಿದ್ದೂ ಉಂಟು.

ನನ್ನ ಅಳುಕು ಬೇರೆ. ನಮ್ಮ ತೋಟದ ಮೇಲ್ಭಾಗದಲ್ಲಿ ಮೂರು ವರ್ಷದ ಹಿಂದೆ ಒಂದು ಬಡಾವಣೆಯಾಯಿತು. ಅಲ್ಲೊಂದು ಹಳ್ಳವಿತ್ತು. ಬೇಸಿಗೆಯಲ್ಲಿ ಹುಡುಗರು ಅದರಲ್ಲೇ ಗೋಲಿ ಆಡುತ್ತಿದ್ದರು. ಆರಿದ್ರಾ ಮಳೆ ಹಿಡಿಯಿತೆಂದರೆ ಮೊಣಕಾಲುದ್ದ ಕೆಂಪು ನೀರು ಹರಿಯುತ್ತಿತ್ತು. ಅದಕ್ಕೆ ಮಣ್ಣು ಹಾಕಿ ಸಮ ಮಾಡಿದರು, ಡಾಂಬರು ಬಂತು, ಎರಡಡಿ ಅಗಲದ ಗಟಾರ ಬಂತು. ಆ ಗಟಾರ ನಮ್ಮ ಬೇಲಿಯವರೆಗೆ ಬಂದು ಮುಗಿಯುತ್ತದೆ. ಯಾವ ನಾಲೆಗೂ ಸೇರುವುದಿಲ್ಲ, ಅಲ್ಲಿಗೇ ಮುಗಿಯುತ್ತದೆ. ಮೊದಲ ಮಳೆಗಾಲಕ್ಕೆ ಹನ್ನೊಂದು ಗಿಡ ಹೋದವು, ಮರುವರ್ಷ ಇಪ್ಪತ್ತಾರು. ಪೇರಲ ಗಟ್ಟಿ ಗಿಡ, ಬರವನ್ನು ತಡೆದುಕೊಳ್ಳುತ್ತದೆ. ಬೇರಿನಲ್ಲಿ ನೀರು ನಿಂತರೆ ಮಾತ್ರ ಎಲೆ ಹಳದಿಯಾಗಿ ಒಂದೊಂದೇ ಟೊಂಗೆ ಒಣಗುತ್ತ ಹೋಗುತ್ತದೆ. ಅರ್ಜಿ ಹಿಡಿದು ಮೂರು ಕಚೇರಿ ತಿರುಗಿದೆ. ಮೂರೂ ಕಡೆ ಇದು ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು.

ಈಗ ನಾನು ಕೊಟ್ಟರೆ ಇಲ್ಲಿಯೂ ಡಾಂಬರು ಬೀಳುತ್ತದೆ, ಇಲ್ಲಿಯ ನೀರು ಕೆಳಗಿನ ಹೊಲಕ್ಕೆ ನುಗ್ಗುತ್ತದೆ. ಆ ಹೊಲದವರ ಮೂವರು ಮಕ್ಕಳಿಗೂ ನಾನೇ ಅಕ್ಷರ ತಿದ್ದಿಸಿದ್ದೇನೆ.

ಚಿಗರಿ ದಾರಿಯ ಎರಡೂ ಬದಿ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಕೊಂಡಿದ್ದೀರಲ್ಲ, ನೀವು ನೆಮ್ಮದಿಯಿಂದ ಇದ್ದೀರಾ? ನಕ್ಷೆಯಲ್ಲಿ ತೋರಿಸಿದ ಉದ್ಯಾನ ನೆಲದ ಮೇಲೂ ಇದೆಯೇ? ನಿಮ್ಮ ರಸ್ತೆಯ ಮಳೆನೀರು ಎಲ್ಲಿಗೆ ಹೋಗುತ್ತದೆ? ಮಾರುವವಳು ಷರತ್ತು ಹಾಕಬಹುದೇ? ಹಾಕಿದರೆ ಅದು ನಿಲ್ಲುತ್ತದೆಯೇ? ಗುಂಟೆಗೆ ಎಷ್ಟು ದರ ಎಂಬುದನ್ನು ದಯವಿಟ್ಟು ಹೇಳಬೇಡಿ, ಅದು ನನಗೆ ಗೊತ್ತಿದೆ.

ಸತ್ತೂರು ಕಡೆಯ ನಿವಾಸಿ:

ಅಕ್ಕಾವರೇ, ನಮಸ್ಕಾರ. ನಾನು ಗದಗಿನವನು, ಬ್ಯಾಂಕಿನಲ್ಲಿ ಕೆಲಸ. 2016ರಲ್ಲಿ ಸತ್ತೂರಿನ ಹತ್ತಿರ 30 ಅಡಿಗೆ 40 ಅಡಿಯ ಪ್ಲಾಟ್ ಕೊಂಡೆ, 2019ರಲ್ಲಿ ಸಾಲ ಮಾಡಿ ಮನೆ ಕಟ್ಟಿದೆ. ಅದೂ ಯಾರದೋ ತೋಟವೇ ಆಗಿತ್ತು. ಹಿತ್ತಿಲಿಗೆ ಬಂದ ಒಂದು ಮಾವಿನ ಮರವನ್ನು ಕಡಿಯದೆ ಉಳಿಸಿಕೊಂಡಿದ್ದೇನೆ. ಪ್ರತಿ ಬೇಸಿಗೆಯಲ್ಲಿ ಅದರ ಹಣ್ಣು ತಿನ್ನುತ್ತೇವೆ. ಅದನ್ನು ಹಚ್ಚಿದವರು ಯಾರೆಂದು ಈವರೆಗೆ ಕೇಳಿರಲಿಲ್ಲ. ನೀವು ಬರೆದದ್ದನ್ನು ಓದಿದ ರಾತ್ರಿ ಅದೇ ತಲೆಯಲ್ಲಿ ಸುತ್ತುತ್ತಿತ್ತು.

ನೆಮ್ಮದಿಯಿಂದ ಇದ್ದೀರಾ ಎಂದು ಕೇಳಿದ್ದೀರಿ. ಇದ್ದೇವೆ. ಗದಗಿನಲ್ಲಿ ಬಾಡಿಗೆ ಮನೆಯಲ್ಲಿದ್ದಾಗ ನಳದ ನೀರಿಗೆ ಹತ್ತು ಹದಿನೈದು ದಿನ ಕಾದವರು ನಾವು. ಇಲ್ಲಿ ನಮ್ಮದೇ ಬಾಗಿಲು, ನಮ್ಮದೇ ಜಗುಲಿ. ನನ್ನ ಹೆಂಡತಿ ವಿದ್ಯಾನಗರದ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. ಬೆಳಿಗ್ಗೆ ಚಿಗರಿ ಹತ್ತಿದರೆ ಕೂತು ಹೋಗಿ ಕೂತು ಬರುತ್ತಾಳೆ. ಎರಡೂ ಊರನ್ನು ಜೋಡಿಸುವ ಆ 22 ಕಿಲೋಮೀಟರ್ ದಾರಿ ಇಲ್ಲದಿದ್ದರೆ ಇಲ್ಲಿ ಮನೆ ಕಟ್ಟುವ ಧೈರ್ಯ ನಮಗೆ ಬರುತ್ತಿರಲಿಲ್ಲ.

ಇಲ್ಲದ್ದನ್ನೂ ಹೇಳಬೇಕು. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ 2008ರ ಹೊತ್ತಿಗೇ ದಿನದ 24 ಗಂಟೆಯೂ ನಳದಲ್ಲಿ ನೀರು ಬರುತ್ತಿತ್ತು. ನಮ್ಮಲ್ಲಿಗೆ ಮಲಪ್ರಭೆಯ ನೀರು ಬರುವುದು ವಾರಕ್ಕೊಮ್ಮೆ. ಉಳಿದ ದಿನ ಕೊಳವೆಬಾವಿ, ಏಪ್ರಿಲ್ ಬಂದರೆ ಟ್ಯಾಂಕರ್. ಉದ್ಯಾನದ ಜಾಗವೇನೋ ಇದೆ. ತಂತಿ ಬೇಲಿಯೊಳಗೆ ಎದೆಮಟ್ಟ ಕಾಂಗ್ರೆಸ್ ಕಸ ಬೆಳೆದು ನಿಂತಿತ್ತು. 2022ರಲ್ಲಿ ಹದಿನಾರು ಮನೆಯವರು ಹಣ ಕೂಡಿಸಿ ಕೀಳಿಸಿದೆವು, ಹೊಂಗೆ, ಬೇವು ಸೇರಿ ಇಪ್ಪತ್ತು ಸಸಿ ಹಚ್ಚಿದೆವು. ಒಂಬತ್ತು ಬದುಕಿವೆ.

ಮಳೆನೀರು ರಸ್ತೆಯ ತುದಿಯಲ್ಲಿರುವ ಖಾಲಿ ಪ್ಲಾಟಿಗೆ ಹೋಗಿ ನಿಲ್ಲುತ್ತದೆ. ಅಲ್ಲೊಂದು ಮನೆ ಎದ್ದರೆ ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ನಿನ್ನೆ ಸಂಜೆ ನಾಲ್ಕೈದು ಮನೆಯವರನ್ನು ಕೇಳಿದೆ. ಯಾರಿಗೂ ಗೊತ್ತಿಲ್ಲ. ಆ ಪ್ಲಾಟಿನ ಮಾಲೀಕರಿಗೂ ಗೊತ್ತಿರಲಾರದು.

ಗೋಕುಲ ರಸ್ತೆಯವನು:

ಅಕ್ಕಾ, ಕೊಟ್ಟುಬಿಡಿ. ನಮ್ಮ ತಂದೆ ಒಲ್ಲೆ ಎಂದು ಹಟ ಹಿಡಿದರು. ಸುತ್ತಲಿನ ಹೊಲಗಳೆಲ್ಲ ಪ್ಲಾಟುಗಳಾಗಿ ನಮ್ಮದೊಂದೇ ನಡುವೆ ಉಳಿಯಿತು. ಎತ್ತಿನ ಗಾಡಿ ಹೋಗುವ ದಾರಿ ಮುಚ್ಚಿತು, ರಾತ್ರಿ ತಂದು ಕಸ ಸುರಿಯುವವರು ಹೆಚ್ಚಾದರು. ಕಡೆಗೆ ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತಿದೆವು. ಹನ್ನೆರಡು ವರ್ಷವಾಯಿತು, ನಾವು ಒಬ್ಬರ ಮನೆಯ ಮದುವೆಗೆ ಒಬ್ಬರು ಹೋಗುವುದಿಲ್ಲ. ಗಿಡವನ್ನು ಇನ್ನೊಂದು ಕಡೆ ಹಚ್ಚಬಹುದು. ಮೈದುನನನ್ನು ಕಳೆದುಕೊಳ್ಳಬೇಡಿ.

ನಿವೃತ್ತ ಭೂಮಾಪಕ:

ತಾಯೀ, ಮೂವತ್ತೊಂದು ವರ್ಷ ಸರಪಳಿ ಹಿಡಿದು ಹೊಲ ಅಳೆದವನು ನಾನು. ಕೊಡುವುದು ಬಿಡುವುದು ನಿಮ್ಮ ಮನೆಯ ಮಾತು, ಅದಕ್ಕೆ ಕೈ ಹಾಕುವುದಿಲ್ಲ. ಹಳ್ಳದ ವಿಷಯ ಮಾತ್ರ ಹೇಳುತ್ತೇನೆ.

ನಿಮ್ಮ ಊರಿನ ಗ್ರಾಮ ನಕ್ಷೆಯ ಪ್ರತಿ ತೆಗೆಸಿರಿ. ಅದರಲ್ಲಿ ಹಳ್ಳವನ್ನು ಅಂಕುಡೊಂಕಾದ ಎರಡು ಗೆರೆಗಳಿಂದ ತೋರಿಸಿರುತ್ತಾರೆ. ಆ ಗೆರೆಗಳು ಯಾವ ಸರ್ವೇ ನಂಬರುಗಳನ್ನು ಹಾದು ಬರುತ್ತವೆ ಎಂದು ಗುರುತು ಹಾಕಿಕೊಂಡು, ಮೇಲಿನ ಜಮೀನಿನ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಖರಾಬು ಕಾಲಂ ನೋಡಿ. ಖರಾಬಿನಲ್ಲಿ ಎರಡು ಬಗೆ. 'ಎ' ಖರಾಬು ಎಂದರೆ ಕಲ್ಲು, ಮನೆ, ಕಣ ಹೀಗೆ ಸಾಗುವಳಿಗೆ ಬಾರದ ಜಾಗ. 'ಬಿ' ಖರಾಬು ಎಂದರೆ ದಾರಿ, ಹಳ್ಳ, ಕೆರೆಯಂತಹ ಸಾರ್ವಜನಿಕ ಜಾಗ. ಅದು ಸರ್ಕಾರದ್ದು. ಜಮೀನು ಕೊಂಡವನಿಗೆ ಅದರ ಮೇಲೆ ಹಕ್ಕು ಹುಟ್ಟುವುದಿಲ್ಲ. ಮುಚ್ಚಿದ ಹಳ್ಳ 'ಬಿ' ಖರಾಬು ಎಂದು ದಾಖಲಾಗಿದ್ದರೆ ನಿಮ್ಮ ಅರ್ಜಿಯ ರೂಪವೇ ಬದಲಾಗುತ್ತದೆ. "ತೋಟಕ್ಕೆ ನೀರು ನುಗ್ಗುತ್ತಿದೆ" ಎಂದು ಬರೆದರೆ ಪರಿಹಾರ ಕೇಳುತ್ತಿದ್ದೀರಿ ಎಂದುಕೊಂಡು ಪಕ್ಕಕ್ಕಿಡುತ್ತಾರೆ. "ಸರ್ಕಾರಿ ಹಳ್ಳ ಒತ್ತುವರಿಯಾಗಿದೆ, ಅಳತೆ ಮಾಡಿಸಿ" ಎಂದು ಸರ್ವೇ ನಂಬರು, ನಕ್ಷೆ ಲಗತ್ತಿಸಿ ತಹಶೀಲ್ದಾರರಿಗೆ ಕೊಡಿ. ಸ್ವೀಕೃತಿ ಪಡೆಯದೆ ಮನೆಗೆ ಬರಬೇಡಿ. ನಿಮ್ಮ ಗಡಿಗೂ ಬೇರೆಯಾಗಿ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಲು, ಅರ್ಜಿ ಹಾಕಿ. ಬೇಲಿ ಇದ್ದಲ್ಲೇ ಗಡಿ ಇರುತ್ತದೆ ಎಂದೇನಿಲ್ಲ, ನನ್ನ ಸೇವೆಯಲ್ಲಿ ಎರಡೂ ಒಂದೇ ಕಡೆ ಸಿಕ್ಕಿದ್ದು ಕಡಿಮೆ.

ಷರತ್ತಿನ ಮಾತು. ಬಾಯಿಮಾತು ನಿಲ್ಲುವುದಿಲ್ಲ. ಖರೀದಿ ಪತ್ರಕ್ಕೆ ಸಹಿ ಬಿದ್ದ ಮೇಲೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಏನಿದ್ದರೂ ಅದಕ್ಕೆ ಮುಂಚೆ, ನೋಂದಾಯಿತ ಕರಾರಿನಲ್ಲಿ, ಗಟಾರ ಯಾವ ನಾಲೆಗೆ ಎಲ್ಲಿ ಸೇರಬೇಕೆಂದು ನಕ್ಷೆಸಮೇತ ಬರೆಸಬೇಕು. ಬಡಾವಣೆಯ ಕೆಲಸ ಮುಗಿಯುತ್ತ ಬಂದಂತೆ ನಗರಾಭಿವೃದ್ಧಿ ಪ್ರಾಧಿಕಾರ ಹಂತಹಂತವಾಗಿ ನಿವೇಶನ ಬಿಡುಗಡೆ ಮಾಡುವ ಪದ್ಧತಿಯಿದೆ. ಆಕ್ಷೇಪಣೆ ಇದ್ದರೆ ಅಷ್ಟರೊಳಗೇ ಲಿಖಿತವಾಗಿ ಕೊಡಬೇಕು. 500 ಚದರ ಮೀಟರಿಗಿಂತ ದೊಡ್ಡ ಯೋಜನೆ ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಣಿಯಾಗಿರಲೇಬೇಕು. ಅಲ್ಲಿ ಸಲ್ಲಿಸಿದ ನಕ್ಷೆಯನ್ನು ಯಾರು ಬೇಕಾದರೂ ನೋಡಬಹುದು. ಮೇಲಿನ ಬಡಾವಣೆಯದನ್ನು ಮೊದಲು ನೋಡಿ. ನಿಮ್ಮ ಮಾವನವರಿಗೆ ಹೆಣ್ಣುಮಕ್ಕಳಿದ್ದರೆ ಅವರ ಹಕ್ಕಿನ ವಿಷಯವನ್ನೂ ವಕೀಲರಲ್ಲಿ ಕೇಳಿಕೊಳ್ಳಿ. ಕೋರ್ಟಿಗೆ ಹೋಗುವ ಜಗಳಗಳಲ್ಲಿ ಅರ್ಧ ಅಲ್ಲಿಂದಲೇ ಏಳುತ್ತವೆ.

ಸಪ್ತಾಪುರದ ವಿದ್ಯಾರ್ಥಿನಿ:

ಟೀಚರ್, ನಾನು ಸಿವಿಲ್ ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದೇನೆ. ಗೋಕುಲ ರಸ್ತೆಯ ಅಣ್ಣನವರ ನೋವು ಅರ್ಥವಾಗುತ್ತದೆ. ಆದರೂ 'ಗಿಡವನ್ನು ಇನ್ನೊಂದು ಕಡೆ ಹಚ್ಚಬಹುದು' ಎಂಬುದನ್ನು ಒಪ್ಪಲಾರೆ. ಹಳ್ಳವನ್ನು ಇನ್ನೊಂದು ಕಡೆ ಹಚ್ಚಲಾಗುವುದಿಲ್ಲವಲ್ಲ.

ನಮ್ಮದು ಶಾಲ್ಮಲೆ ಹುಟ್ಟುವ ಊರು. ಸೋಮೇಶ್ವರದ ಹತ್ತಿರ ಬಿದ್ದ ಮಳೆ ಬೇಡ್ತಿಯನ್ನು ಸೇರಿ, ಗಂಗಾವಳಿಯಾಗಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಊರು ಏರಿನಲ್ಲಿದೆ. ಏರಿನ ಮೇಲಿನ ಊರಿನಲ್ಲಿ ನೀರು ನಿಲ್ಲಬಾರದು. ಆದರೂ ಜೋರು ಮಳೆ ಬಂದಾಗ ಟೋಲ್ ನಾಕಾದಲ್ಲಿ ಬೈಕ್ ಅರ್ಧ ಮುಳುಗಿ ನಿಂತದ್ದನ್ನು ನಾನೇ ನೋಡಿದ್ದೇನೆ. ನೀರು ಹಳೆಯ ದಾರಿಯಲ್ಲೇ ಬರುತ್ತದೆ, ದಾರಿ ಅಲ್ಲಿರುವುದಿಲ್ಲ.

ಇನ್ನೊಂದು ಮಾತು. 2019ರ ಮಾರ್ಚ್ 19ರಂದು ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಆಗ ನಾನು ಹೈಸ್ಕೂಲಿನಲ್ಲಿದ್ದೆ. ಅವಶೇಷದಡಿ ಸಿಕ್ಕವರನ್ನು ಹೊರತೆಗೆಯುವುದನ್ನು ದಿನಗಟ್ಟಲೆ ಟಿವಿಯಲ್ಲಿ ನೋಡಿದೆವು. ಈ ಓದನ್ನು ಆರಿಸಿಕೊಂಡದ್ದು ಅದಕ್ಕೇ. ಈಗ ಊರು ಇನ್ನೂ ವೇಗವಾಗಿ ಬೆಳೆಯುತ್ತಿದೆ: ಹೈಕೋರ್ಟ್ ಪೀಠ ಬಂದಿದೆ, ಐಐಟಿಗೆ 2023ರಲ್ಲಿ ಚಿಕ್ಕಮಲ್ಲಿಗವಾಡದಲ್ಲಿ ಸ್ವಂತ ಆವರಣವಾಗಿದೆ, ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿದೆ. ಹೊಸ ಪಾಲಿಕೆಯ ಗಡಿ, ಕಚೇರಿ, ಮೇಯರ್ ಎಂದು ಎಲ್ಲರೂ ಮಾತನಾಡುತ್ತಿದ್ದಾರೆ. ಮಳೆನೀರಿನ ನಕ್ಷೆಯ ಮಾತನ್ನು ನಾನು ಕೇಳಿದ್ದು ಇಲ್ಲಿ, ನಿಮ್ಮಿಂದ. ನೀವು ಒಪ್ಪಿದರೆ ನಾನೂ ಇಬ್ಬರು ಸಹಪಾಠಿಗಳೂ ಬಂದು ನಿಮ್ಮ ತೋಟದ ಮೇಲಿನಿಂದ ಕೆಳಗಿನವರೆಗೆ ಮಟ್ಟ ಅಳೆದು ಕೊಡುತ್ತೇವೆ. ಕಾಲೇಜಿನಿಂದ ಉಪಕರಣ ಸಿಗುತ್ತದೆ.

ನವಲೂರಿನ ಅಕ್ಕಾವರು:

ಉತ್ತರ ಬರೆದ ಎಲ್ಲರಿಗೂ ನಮಸ್ಕಾರ. ಹನ್ನೆರಡು ದಿನ ತಡವಾಯಿತು.

ಗ್ರಾಮ ನಕ್ಷೆ ತೆಗೆಸಿದೆ. ಹಳ್ಳ ಇದೆ. ಭೂಮಾಪಕರು ಹೇಳಿದಂತೆಯೇ ಎರಡು ಅಂಕುಡೊಂಕು ಗೆರೆ. ಮೇಲಿನ ಜಮೀನಿನ ಹಳೆಯ ಉತಾರದಲ್ಲಿ 'ಬಿ' ಖರಾಬು ಐದು ಗುಂಟೆ ಎಂದಿದೆ. ಅದನ್ನು ಮೈದುನನಿಗೆ ತೋರಿಸಿದಾಗ ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಅಣ್ಣ ಈ ಹಳ್ಳದಲ್ಲೇ ನನಗೆ ಈಜು ಕಲಿಸಿದ್ದ" ಎಂದ. ಒತ್ತುವರಿ ಅಳತೆಯ ಅರ್ಜಿಗೆ ಇಬ್ಬರೂ ಸಹಿ ಹಾಕಿ ಸೋಮವಾರ ಕೊಟ್ಟು ಬಂದೆವು. ಸ್ವೀಕೃತಿ ನನ್ನ ಹತ್ತಿರ ಇದೆ.

ತೋಟದ ತೀರ್ಮಾನ ಇನ್ನೂ ಆಗಿಲ್ಲ. ಅಳತೆಯಾಗಿ ಹಳ್ಳದ ದಾರಿ ತೆರೆಯುವವರೆಗೆ ಯಾವ ಕರಾರಿಗೂ ಸಹಿ ಇಲ್ಲ ಎಂದಷ್ಟೇ ಇಬ್ಬರೂ ಒಪ್ಪಿದ್ದೇವೆ. ಅವನ ಶಸ್ತ್ರಚಿಕಿತ್ಸೆ ಕಾಯುವಂಥದ್ದಲ್ಲ. ಅದಕ್ಕೆ ನನ್ನ ನಿವೃತ್ತಿಯ ಹಣದಲ್ಲಿ ಸ್ವಲ್ಪ ಕೊಡುತ್ತಿದ್ದೇನೆ. ಗೋಕುಲ ರಸ್ತೆಯ ತಮ್ಮಾ, ನಿಮ್ಮ ಮಾತನ್ನು ಮರೆತಿಲ್ಲ.

ಸಪ್ತಾಪುರದ ಮಗಳೇ, ಭಾನುವಾರ ಬಾ. ಬೆಳಿಗ್ಗೆ ಎಂಟಕ್ಕೆ ನವಲೂರು ನಿಲ್ದಾಣದಲ್ಲಿ ಇಳಿದರೆ ನಾನೇ ಬಂದು ಕರೆದೊಯ್ಯುತ್ತೇನೆ. ಮೂವರಿಗೂ ರೊಟ್ಟಿ, ಎಣ್ಣೆಗಾಯಿ ಮಾಡಿರುತ್ತೇನೆ. ಕೆಳಗಿನ ಹೊಲದವರಿಗೂ ಹೇಳಿದ್ದೇನೆ, ಅವರೂ ಬರುತ್ತಾರೆ.

ಸತ್ತೂರಿನವರೇ, ನಿಮ್ಮ ಹಿತ್ತಿಲಿನ ಮಾವು ಆಪೂಸೇ, ನಾಟಿಯೇ? ಬುಡದಿಂದ ಎರಡು ಮೂರು ಗೇಣಿನ ಎತ್ತರದಲ್ಲಿ ಕಸಿಯ ಗಂಟು ಇದೆಯೇ ನೋಡಿ ಬರೆಯಿರಿ. ಆ ಕಡೆಯ ತೋಟಗಳಿಗೆಲ್ಲ ಕಸಿ ಕಟ್ಟಿಕೊಡುತ್ತಿದ್ದ ಹಿರಿಯರೊಬ್ಬರು ನಮ್ಮ ಓಣಿಯಲ್ಲೇ ಇದ್ದಾರೆ. ಹಚ್ಚಿದವರು ಯಾರೆಂದು ಅವರನ್ನು ಕೇಳಿ ಹೇಳುತ್ತೇನೆ.