ಆರಡಿ ಛತ್ರಿಯಲ್ಲಿ ಸಿ ಬ್ಯಾಂಡ್ ಸರಿ, ಕೆಯು ಬ್ಯಾಂಡ್ ಮಾತ್ರ ಸೊನ್ನೆ

ಮಾಳಿಗೆ ಛತ್ರಿ, ವಿಜಯಪುರ:
ಮಾಳಿಗೆಯ ಮೇಲಿನ ಆರಡಿ ಜಾಲರಿ ಡಿಶ್ 93.5 ಡಿಗ್ರಿ ಪೂರ್ವ ರೇಖಾಂಶದ ಉಪಗ್ರಹಕ್ಕೆ ಕೂತಿದೆ, ಸಿ ಬ್ಯಾಂಡ್ (ದೊಡ್ಡ ಡಿಶ್ ಬೇಕಾದ ಪ್ರಸಾರ) ಚೆನ್ನಾಗಿ ಬರುತ್ತಿದೆ. ಡಿಡಿ ಫ್ರೀ ಡಿಶ್ ಬರುವ ಜಿಸ್ಯಾಟ್-15 ಉಪಗ್ರಹ ಕೂಡ ಅದೇ ಸ್ಥಾನದಲ್ಲಿದೆಯಲ್ಲ ಎಂದು ಸಿ ಬ್ಯಾಂಡ್ ಎಲ್‌ಎನ್‌ಬಿಯ (ಡಿಶ್ ಮುಂದೆ ನಿಂತು ಸಿಗ್ನಲ್ ಹಿಡಿಯುವ ಮೂತಿ) ಪಕ್ಕಕ್ಕೇ ಕೆಯು ಬ್ಯಾಂಡ್ (ಚಿಕ್ಕ ಡಿಶ್ ಸಾಕಾಗುವ ಪ್ರಸಾರ) ಎಲ್‌ಎನ್‌ಬಿಯೊಂದನ್ನು ತಂತಿ ಸುತ್ತಿ ಬಿಗಿದಿದ್ದೇನೆ. ಹಳೆಯ ಡಿಟಿಎಚ್ ಡಿಶ್‌ನಿಂದ ಬಿಚ್ಚಿದ್ದು ಅದು. ಸೆಟ್‌ಟಾಪ್ ಬಾಕ್ಸ್‌ನಲ್ಲಿ ಸ್ಟ್ರೆಂತ್ 80 ದಾಟುತ್ತದೆ, ಕ್ವಾಲಿಟಿ ಏಳುವುದೇ ಇಲ್ಲ. ದೊಡ್ಡ ಡಿಶ್ ಅಲುಗಿಸಿದರೆ ಮನೆಯವರ ಧಾರಾವಾಹಿ ನಿಲ್ಲುತ್ತದೆ, ಅದಕ್ಕೆ ಕೈ ಹಚ್ಚುವಂತಿಲ್ಲ.

ಜಮಖಂಡಿ ಟ್ಯೂನರ್:
ಸ್ಟ್ರೆಂತ್ ನೋಡಿ ಹಿಗ್ಗಬೇಡಿ. ಡಿಶ್ ಗೋಡೆಗೆ ಮುಖ ಮಾಡಿದ್ದರೂ ಎಲ್‌ಎನ್‌ಬಿಯ ಗದ್ದಲವನ್ನೇ ಅಳೆದು ಅದು ಏರಿ ಕೂರುತ್ತದೆ. ಕ್ವಾಲಿಟಿಯೊಂದೇ ಲೆಕ್ಕ.

ನಾಭಿ, ಅಂದರೆ ಡಿಶ್‌ಗೆ ಬಡಿದ ಸಿಗ್ನಲ್ ಒಟ್ಟುಗೂಡುವ ಬಿಂದು, ಇರುವುದು ಒಂದೇ ಕಡೆ, ಅಲ್ಲಿ ಸಿ ಬ್ಯಾಂಡ್ ಕೂತಾಗಿದೆ. ಪಕ್ಕಕ್ಕೆ ಕಟ್ಟಿದ ಎಲ್‌ಎನ್‌ಬಿ ಕೆಲವು ಡಿಗ್ರಿ ಆಚೆಯ ಆಕಾಶವನ್ನು ನೋಡುತ್ತದೆ. ಅದೇ ಸ್ಥಾನದ ಉಪಗ್ರಹ ಅದಕ್ಕೆ ಸಿಗುವ ಮಾತೇ ಇಲ್ಲ. 83 ಡಿಗ್ರಿಗೆ ಸಿ, ಪಕ್ಕದಲ್ಲಿ 93.5ಕ್ಕೆ ಕೆಯು ಎಂದಿದ್ದರೆ ಒದ್ದಾಡಬಹುದಿತ್ತು. ಆದರೂ ಜಾಲರಿ ಅಡ್ಡ ಬರುತ್ತದೆ: ಸಿ ಬ್ಯಾಂಡ್ ತರಂಗ ಸುಮಾರು 8 ಸೆಂಟಿಮೀಟರ್, ಕೆಯು ಎರಡೂವರೆ ಚಿಲ್ಲರೆ. ಜಾಲರಿಯ ಕಣ್ಣು, ಮೈಮೇಲಿನ ತಗ್ಗು ಸಿ ಬ್ಯಾಂಡ್‌ಗೆ ಲೆಕ್ಕಕ್ಕಿಲ್ಲ, ಕೆಯುಗೆ ದೊಡ್ಡ ಕುತ್ತು. ಬೇರೆ ಎರಡಡಿ ತಗಡಿನ ಡಿಶ್ ಹಾಕಿ, ಎರಡನ್ನೂ, ಬಾಕ್ಸ್ ಹೇಳಿದ ಎಲ್‌ಎನ್‌ಬಿಯನ್ನು ಆರಿಸಿಕೊಡುವ ಡೈಸೆಕ್ ಸ್ವಿಚ್‌ಗೆ ಸೇರಿಸಿ.

ಆ ಹಳೆಯ ಎಲ್‌ಎನ್‌ಬಿಯ ಮೇಲಿನ ಚೀಟಿ ಓದಿ. ಬರೀ 10600 ಎಂದಿದ್ದರೆ ಅದನ್ನು ಬದಿಗಿಡಿ. ಫ್ರೀ ಡಿಶ್‌ನ 11090ರಿಂದ 10600 ಕಳೆದರೆ (ಬಂದ ಆವರ್ತನದಿಂದ ಚೀಟಿಯ ಸಂಖ್ಯೆ ಕಳೆದೇ ಎಲ್‌ಎನ್‌ಬಿ ಬಾಕ್ಸ್‌ಗೆ ಕಳಿಸುತ್ತದೆ) 490 ಮೆಗಾಹರ್ಟ್ಸ್. ಸೆಟ್‌ಟಾಪ್ ಬಾಕ್ಸ್‌ನ ಕಿವಿ ತೆರೆಯುವುದೇ 950ರಿಂದ. 9750/10600 ಎಂದಿರುವ ಯೂನಿವರ್ಸಲ್ ಬೇಕು. ಆಗ 9750 ಕಳೆದು 1340, ಬಾಕ್ಸ್‌ಗೆ ಆರಾಮ.

ಮಾಳಿಗೆ ಛತ್ರಿ, ವಿಜಯಪುರ:
ಚೀಟಿಯಲ್ಲಿ 10600 ಮಾತ್ರ ಇತ್ತು. ಹೊಸ ಯೂನಿವರ್ಸಲ್, ಎರಡಡಿ ಡಿಶ್ ತಂದೆ. ದೊಡ್ಡದರ ಓರೆಗೇ ಇದನ್ನೂ ಕೂರಿಸಿದ್ದೇನೆ. ಏನೂ ಇಲ್ಲ.

ಜಮಖಂಡಿ ಟ್ಯೂನರ್:
ದೊಡ್ಡದನ್ನು ನೋಡಿ ಚಿಕ್ಕದನ್ನು ಕೂರಿಸಬಾರದು. ವಿಜಯಪುರದಿಂದ ಉಪಗ್ರಹ 61–62 ಡಿಗ್ರಿ ಎತ್ತರದಲ್ಲಿದೆ, ದಿಕ್ಕು ಉತ್ತರದಿಂದ ಬಲಕ್ಕೆ 132, ಅಂದರೆ ಹೆಚ್ಚುಕಡಿಮೆ ಆಗ್ನೇಯ. ನಾಭಿ ನಡುವಿನಲ್ಲಿರುವ ದೊಡ್ಡ ಡಿಶ್ ನೇರ ಅಲ್ಲಿಗೇ ನೋಡುತ್ತದೆ. ಚಿಕ್ಕದು ಆಫ್‌ಸೆಟ್, ಸುಮಾರು 25 ಡಿಗ್ರಿ ಮೇಲಿನಿಂದ ಬರುವುದನ್ನು ಹಿಡಿಯುತ್ತದೆ. ಅದರ ಮುಖ 36ರ ಆಸುಪಾಸಿನಲ್ಲಿರಲಿ, ನೋಡುವವರಿಗೆ ಎದುರು ಮನೆಯ ನೀರಿನ ಟಾಕಿಗೆ ಗುರಿಯಿಟ್ಟಂತೆ ಕಂಡರೂ ಸರಿಯೇ. ದಿಕ್ಸೂಚಿಯ ಮೊಬೈಲನ್ನು ಕಬ್ಬಿಣದ ಕಂಬದಿಂದ ನಾಲ್ಕು ಹೆಜ್ಜೆ ದೂರ ಹಿಡಿಯಿರಿ.

ಮಾಳಿಗೆ ಛತ್ರಿ, ವಿಜಯಪುರ:
ಬಂತು! ಆದರೆ ಕ್ವಾಲಿಟಿ 30ರಲ್ಲಿ ಹೊಯ್ದಾಡುತ್ತಿದೆ, ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಡಿಶ್ ಎತ್ತ ಸರಿಸಿದರೂ ಇಳಿಯುತ್ತದೆಯೇ ಹೊರತು ಏರುವುದಿಲ್ಲ.

ಘಟಪ್ರಭಾ, ಬೆಳಗಾವಿ ಜಿಲ್ಲೆ:
ಹಾಗಾದರೆ ಡಿಶ್ ಬಿಡಿ, ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ತಿರುಗಿಸಿ. ಉಪಗ್ರಹ ನಮ್ಮ ನೇರ ದಕ್ಷಿಣಕ್ಕಿಲ್ಲ, ಪೂರ್ವಕ್ಕೆ ಸರಿದಿದೆ. ಹಾಗಾಗಿ ಅದರ ಲಂಬ (ಸಿಗ್ನಲ್ ತರಂಗ ಲಂಬವಾಗಿ ಇಲ್ಲವೇ ಅಡ್ಡವಾಗಿ ಕಂಪಿಸುತ್ತದೆ) ನಮ್ಮ ಲಂಬವಲ್ಲ. ವಿಜಯಪುರಕ್ಕೆ ಈ ಓರೆ ಸುಮಾರು 45 ಡಿಗ್ರಿ, ಬೆಳಗಾವಿ ನಗರಕ್ಕೆ 49. ನಲವತ್ತೈದು ಎಂದರೆ ನಡು ಮಧ್ಯ: ಎಲ್‌ಎನ್‌ಬಿ ನೆಟ್ಟಗಿದ್ದರೆ ಲಂಬ, ಅಡ್ಡ ಎರಡೂ ಸಮಸಮ ಬೆರೆತು ಬರುತ್ತವೆ. ಡಿಶ್‌ನ ಮುಖ ನೋಡುತ್ತ ನಿಂತು ಕೇಬಲ್ ತುದಿಯನ್ನು ಗಡಿಯಾರದ ಆರು ಗಂಟೆಯಿಂದ ಏಳೂವರೆಯತ್ತ ತನ್ನಿ, ಅಲ್ಲಿಂದ ಕ್ವಾಲಿಟಿ ನೋಡುತ್ತ ಕೂದಲೆಳೆಯಷ್ಟು ಆಚೀಚೆ ಮಾಡಿ. ನಾಲ್ಕೂವರೆಯತ್ತ ಹೋದರೆ ಲಂಬ ಅಡ್ಡಗಳು ಅದಲುಬದಲಾಗುತ್ತವೆ.

ಮಾಳಿಗೆ ಛತ್ರಿ, ವಿಜಯಪುರ:
ಏಳೂ ಕಾಲಿನ ಹತ್ತಿರ 68ಕ್ಕೆ ನಿಂತಿತು. ಸ್ವಿಚ್ ಹಾಕಿದ ಮೇಲೆ ಸಿ ಬ್ಯಾಂಡ್ ಕಾಣೆಯಾಗಿದೆ.

ಜಮಖಂಡಿ ಟ್ಯೂನರ್:
ಬಾಕ್ಸ್‌ನಲ್ಲಿ 93.5 ಡಿಗ್ರಿಯನ್ನು ಎರಡು ಬೇರೆ ಉಪಗ್ರಹಗಳಾಗಿ ಬರೆದುಕೊಳ್ಳಿ. ಸಿ ಬ್ಯಾಂಡ್‌ನದಕ್ಕೆ ಪೋರ್ಟ್ 1, ಎಲ್‌ಎನ್‌ಬಿ 5150. ಕೆಯುಗೆ ಪೋರ್ಟ್ 2, ಯೂನಿವರ್ಸಲ್, 22 ಕಿಲೋಹರ್ಟ್ಸ್ (9750, 10600ರಲ್ಲಿ ಒಂದನ್ನು ಆರಿಸುವ ಸಂಕೇತ) ಆಟೋ. ಕೇಬಲ್‌ಗಳು ಸ್ವಿಚ್‌ನಲ್ಲಿ ಅದೇ ಕ್ರಮದಲ್ಲಿವೆಯೇ ನೋಡಿ. ಮಳೆ ಬರುವ ಮುಂಚೆ ಸ್ವಿಚ್ ಮೇಲೊಂದು ಮುಚ್ಚಳ ಹಾಕಿ.